ಕೈ ತೊಳೆದವನು, ಕಾಲು ತೊಳೆದವನು

ಪವಿತ್ರ ಗುರುವಾರದ ಪೂಜೆಗೆ ಕೆಲವು ದಿನ ಮುಂಚೆ ನಮ್ಮ ಬಹುತೇಕ ಧರ್ಮಕೇಂದ್ರಗಳಲ್ಲಿ ಒಂದು ಪಟ್ಟಿ ಸಿದ್ಧವಾಗುತ್ತದೆ. ಈ ವರ್ಷ ಯಾರ ಯಾರ ಪಾದಗಳನ್ನು ತೊಳೆಯಬೇಕು ಎಂಬ ಪಟ್ಟಿ. ಪಾಲನಾ ಸಮಿತಿಯ ಹಿರಿಯರು, ಗಂಟೆಗೋಪುರಕ್ಕೆ ದೇಣಿಗೆ ಕೊಟ್ಟವರು, ಹೋದ ವರ್ಷ ಹೆಸರು ಬಿಟ್ಟುಹೋಗಿ ಬೇಸರಪಟ್ಟುಕೊಂಡವರು, ಹೀಗೆ ಹನ್ನೆರಡು ಮಂದಿ. ಅವರೆಲ್ಲ ಮನೆಯಲ್ಲಿಯೇ ಸೋಪು ಹಚ್ಚಿ ಕಾಲು ತೊಳೆದುಕೊಂಡು, ಹೊಸ ಪಂಚೆಯುಟ್ಟು ಬರುತ್ತಾರೆ. ಆಗಲೇ ತೊಳೆದು ಬಂದ ಪಾದಗಳ ಮೇಲೆ ಗುರುಗಳು ಒಂದಿಷ್ಟು ನೀರು ಸುರಿದು, ಬಿಳಿಯ ಟವಲಿನಿಂದ ಒರೆಸುತ್ತಾರೆ. ಗಾನವೃಂದದವರು ಹಾಡುತ್ತಾರೆ. ಪ್ರಭು ಯೇಸುವಿನ ದೀನತೆಯನ್ನು ನಾವು ಆಚರಿಸಿದೆವು ಎಂಬ ತೃಪ್ತಿ ಎಲ್ಲರಿಗೂ.

ಸುಮಾರು ಹದಿನಾಲ್ಕು ವರ್ಷಗಳ ಹಿಂದೆ ನಾನೊಂದು ಗ್ರಾಮಾಂತರ ಧರ್ಮಕೇಂದ್ರದಲ್ಲಿದ್ದಾಗ ಇದೇ ವಿಧಿಯನ್ನು ನಡೆಸಿದೆ. ನೀರು ಕಾಯಿಸಿ, ತಂಬಿಗೆ ಹಿಡಿದು ನನ್ನ ಪಕ್ಕದಲ್ಲಿ ನಿಂತಿದ್ದವರು ಗುರುನಿವಾಸದ ಅಡುಗೆಯವರು. ನನಗಿಂತ ಒಂಬತ್ತು ವರ್ಷ ಹಿರಿಯರು. ಆದರೂ ನಾನು ಅವರನ್ನು ಕರೆಯುತ್ತಿದ್ದುದು ‘ನೀನು’ ಎಂದು. ಹಿಂದಿನ ದಿನವಷ್ಟೇ ಅವರ ಊರಿನಿಂದ ತಾಯಿಗೆ ಕಾಯಿಲೆ ಜೋರಾಗಿದೆ ಎಂಬ ಸುದ್ದಿ ಬಂದಿತ್ತು. ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ನನಗೆ ತಿಳಿಸಿದರು. ನಾನು ಓದುತ್ತಿದ್ದ ಪುಸ್ತಕದಿಂದ ತಲೆಯೆತ್ತದೆ, “ಹೋಗುವುದಿದ್ದರೆ ಹೋಗಿ ಬಾ. ಆದರೆ ಪವಿತ್ರ ವಾರ, ಹೊರಗಿನಿಂದ ಗುರುಗಳು ಬರುತ್ತಾರೆ, ನೋಡು” ಎಂದೆ. “ಪರವಾಗಿಲ್ಲ ಸ್ವಾಮಿ” ಎಂದರು. ಶನಿವಾರ ಬೆಳಿಗ್ಗೆ ತಾಯಿ ತೀರಿಕೊಂಡರು.

ಮಣ್ಣು ಮಾಡಿ ಮೂರು ದಿನದ ಮೇಲೆ ಹಿಂದಿರುಗಿದಾಗ ನಾನು ನಿಜವಾದ ಮರುಕದಿಂದಲೇ ಕೇಳಿದೆ: “ಹೋಗಲೇಬೇಕು ಎಂದು ಒಂದು ಮಾತು ಖಂಡಿತವಾಗಿ ಹೇಳಬಾರದಿತ್ತೇ? ನಾನೇನು ಬೇಡ ಎನ್ನುತ್ತಿದ್ದೆನೇ?” ಅವರು ಸೌಮ್ಯವಾಗಿ ಹೇಳಿದರು: “ನೀವು ‘ನೋಡು’ ಅಂದ ಮೇಲೆ ನಾನು ಇನ್ನೇನು ನೋಡೋದು ಸ್ವಾಮಿ?”

ಗುರುಮಠದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಓದಿ ಬಂದಿದ್ದ ನನಗೆ ಅಧಿಕಾರವೆಂದರೆ ಏನೆಂದು ಕಲಿಸಿದ್ದು ಆ ಒಂದು ಮಾತು. ನಾನು ಅವರನ್ನು ತಡೆಯಲಿಲ್ಲ. ಗದರಲಿಲ್ಲ. ‘ಹೋಗಿ ಬಾ’ ಎಂದೇ ಹೇಳಿದ್ದೆ. ಆದರೂ ಒಬ್ಬ ಮಗ ತನ್ನ ತಾಯಿಯ ಕೊನೆಯುಸಿರಿನ ಹೊತ್ತಿಗೆ ಅಲ್ಲಿರದಂತೆ ಮಾಡಿದೆ. ಹನ್ನೆರಡು ಜನರ ಪಾದಗಳನ್ನು ತೊಳೆದೆ. ತಂಬಿಗೆ ಹಿಡಿದವರ ಮುಖ ನೋಡಲಿಲ್ಲ.

ಅಧಿಕಾರ ಎಲ್ಲಿದೆ?

ಅಧಿಕಾರ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ವಿಧಾನಸೌಧ, ಪೊಲೀಸು ಠಾಣೆ, ಕೆಂಪು ದೀಪದ ಕಾರು. “ನಮಗೆಲ್ಲಿಯ ಅಧಿಕಾರ ಫಾದರ್? ನಾವು ಸಾಮಾನ್ಯ ಜನ” ಎನ್ನುತ್ತೇವೆ. ನಮ್ಮ ಕುಟುಂಬಗಳಲ್ಲಿ, ಶಾಲೆಗಳಲ್ಲಿ, ಧರ್ಮಕೇಂದ್ರಗಳಲ್ಲಿ ಅತ್ಯಂತ ಹೆಚ್ಚು ಗಾಯಗಳನ್ನು ಮಾಡುತ್ತಿರುವುದು ಈ ಮಾತೇ ಎಂದು ನಾನು ವಾದಿಸುತ್ತೇನೆ. ತನ್ನಲ್ಲಿ ಅಧಿಕಾರವಿದೆಯೆಂದು ಬಲ್ಲ ದುಷ್ಟನಿಂದ ಜನ ಎಚ್ಚರವಾಗಿರುತ್ತಾರೆ. ತನ್ನಲ್ಲಿ ಅಧಿಕಾರವೇ ಇಲ್ಲವೆಂದು ನಂಬಿರುವ ಒಳ್ಳೆಯವನಿಂದ ತಪ್ಪಿಸಿಕೊಳ್ಳುವುದು ಹೇಗೆ?

ಅಧಿಕಾರವನ್ನು ಗುರುತಿಸಲು ಒಂದು ಸರಳವಾದ ಪ್ರಶ್ನೆ ಸಾಕು. ಎದುರಿಗಿರುವ ವ್ಯಕ್ತಿ ನನಗೆ ‘ಆಗುವುದಿಲ್ಲ’ ಎಂದರೆ ಆ ವ್ಯಕ್ತಿ ಏನನ್ನು ಕಳೆದುಕೊಳ್ಳಬೇಕಾಗುತ್ತದೆ? ಕೆಲಸವನ್ನೇ? ಊಟವನ್ನೇ? ಮನೆಯನ್ನೇ? ಅಂಕಗಳನ್ನೇ? ನನ್ನ ಪ್ರೀತಿಯನ್ನೇ? ಆ ನಷ್ಟದ ಕೀಲಿ ನನ್ನ ಕೈಯಲ್ಲಿದ್ದರೆ ಅವರ ಮೇಲೆ ನನಗೆ ಅಧಿಕಾರವಿದೆ. ನಾನು ಅದನ್ನು ಬಯಸಿದೆನೋ ಇಲ್ಲವೋ, ಬಳಸಿದೆನೋ ಇಲ್ಲವೋ, ಅದು ಇದ್ದೇ ಇದೆ. ನನ್ನ ಒಂದು ‘ನೋಡು’ ಆಜ್ಞೆಯಾಗುವುದು ಅದರಿಂದಲೇ.

ನಮ್ಮ ಕನ್ನಡವಂತೂ ಅಧಿಕಾರವನ್ನು ಮುಚ್ಚಿಡಲು ಬಿಡುವುದೇ ಇಲ್ಲ. ಬಾ, ಬನ್ನಿ, ನೀನು, ನೀವು, ಅವನು, ಅವರು. ಬಾಯಿ ತೆರೆದರೆ ಸಾಕು, ಯಾರು ಮೇಲೆ, ಯಾರು ಕೆಳಗೆ ಎಂಬುದು ಹೊರಬೀಳುತ್ತದೆ. ಇಪ್ಪತ್ತೈದರ ತರುಣಿ ಅರವತ್ತು ದಾಟಿದ ಮನೆಗೆಲಸದಾಕೆಯನ್ನು ‘ಏ ಇವಳೇ’ ಎನ್ನುವಾಗ, ನಿನ್ನೆ ಮೊನ್ನೆ ಗುರುಪಟ್ಟ ಪಡೆದ ಯುವಗುರು ತನ್ನ ತಾತನ ವಯಸ್ಸಿನ ಗಂಟೆ ಬಾರಿಸುವವನನ್ನು ‘ಬಾರೋ’ ಎನ್ನುವಾಗ, ಅದು ವ್ಯಾಕರಣದ ದೋಷವಲ್ಲ, ಆತ್ಮದ ದೋಷ.

ಎರಡು ಬೋಗುಣಿಗಳು

ಪ್ರಭುವಿನ ಯಾತನೆಯ ವೃತ್ತಾಂತದಲ್ಲಿ ನೀರು ತುಂಬಿದ ಎರಡು ಪಾತ್ರೆಗಳು ಬರುತ್ತವೆ. ಒಂದು ಗುರುವಾರ ರಾತ್ರಿಯದು, ಇನ್ನೊಂದು ಶುಕ್ರವಾರ ಬೆಳಗಿನದು. ಈ ಎರಡರ ನಡುವೆ ನಾವು ಒಂದನ್ನು ಆರಿಸಿಕೊಳ್ಳಲೇಬೇಕು.

ಶುಕ್ರವಾರದ ಪಾತ್ರೆ ಪಿಲಾತನದು. ಸಂತ ಯೊವಾನ್ನರ ಶುಭಸಂದೇಶದ 19ನೆಯ ಅಧ್ಯಾಯದಲ್ಲಿ ಆತ ಯೇಸುವಿನ ಮುಂದೆ ತನ್ನ ಅಧಿಕಾರವನ್ನು ಕೊಚ್ಚಿಕೊಳ್ಳುತ್ತಾನೆ. ಬಿಡುಗಡೆ ಮಾಡುವುದೂ ಶಿಲುಬೆಗೇರಿಸುವುದೂ ತನ್ನ ಕೈಯಲ್ಲಿದೆ ಎನ್ನುತ್ತಾನೆ. ಅದೇ ಪಿಲಾತ, ಸಂತ ಮತ್ತಾಯರ 27ನೆಯ ಅಧ್ಯಾಯದಲ್ಲಿ, ಗುಂಪಿನ ಮುಂದೆ ನೀರು ತರಿಸಿ ಕೈ ತೊಳೆದುಕೊಂಡು ಇದರಲ್ಲಿ ತನ್ನ ಹೊಣೆಯಿಲ್ಲ ಎನ್ನುತ್ತಾನೆ. ಬೆದರಿಸುವಾಗ ಅಧಿಕಾರಿ, ಉತ್ತರ ಕೊಡಬೇಕಾದಾಗ ಅಸಹಾಯಕ. ನಿಮ್ಮ ಮನೆಯಲ್ಲಿ, ನನ್ನ ಗುರುನಿವಾಸದಲ್ಲಿ ಪಿಲಾತ ಇಂದಿಗೂ ವಾಸವಾಗಿದ್ದಾನೆ. “ಈ ಮನೆಯಲ್ಲಿ ನನ್ನ ಮಾತೇ ನಡೆಯಬೇಕು” ಎನ್ನುವ ಅಪ್ಪ, ಮಗಳ ಓದು ನಿಂತುಹೋದಾಗ “ಅವಳೇ ಬೇಡವೆಂದಳು” ಎನ್ನುತ್ತಾನೆ. ಎರಡು ಮಾತುಗಳಿಗೂ ಬಾಯಿ ಒಂದೇ.

ಗುರುವಾರದ ಪಾತ್ರೆ ಯೇಸುಸ್ವಾಮಿಯದು. ಅಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಒಂದು ಸಂಗತಿಯಿದೆ. ತಂದೆ ಸಮಸ್ತವನ್ನೂ ತನ್ನ ಕೈಗೆ ಒಪ್ಪಿಸಿದ್ದಾರೆ ಎಂಬುದನ್ನು ಅರಿತೇ ಯೇಸು ಊಟದಿಂದೆದ್ದು ನಡುವಿಗೆ ಟವಲು ಕಟ್ಟಿಕೊಂಡರೆಂದು ಸಂತ ಯೊವಾನ್ನರು ಬರೆಯುತ್ತಾರೆ. ಪಾದ ತೊಳೆದಾದ ಮೇಲೆ “ನಾನು ಯಾರೂ ಅಲ್ಲ, ನಾವೆಲ್ಲ ಒಂದೇ” ಎಂದು ಪ್ರಭು ಹೇಳಲಿಲ್ಲ. ಶಿಷ್ಯರು ತಮ್ಮನ್ನು ಗುರುವೆಂದೂ ಪ್ರಭುವೆಂದೂ ಕರೆಯುವುದು ಸರಿಯೇ ಎಂದರು. ಅಧಿಕಾರವನ್ನು ಅಲ್ಲಗಳೆಯಲಿಲ್ಲ, ಒಪ್ಪಿಕೊಂಡರು, ಹೆಸರಿಸಿದರು, ಆಮೇಲೆ ಅದನ್ನು ಪರರ ಪಾದದ ಬಳಿಗೆ ಇಳಿಸಿದರು. ಆದುದರಿಂದ ಕ್ರೈಸ್ತ ದೀನತೆಯೆಂದರೆ ‘ನನಗೇನೂ ಅಧಿಕಾರವಿಲ್ಲ’ ಎಂದು ನಟಿಸುವುದಲ್ಲ. ಅದು ಪಿಲಾತನ ಬೋಗುಣಿಯ ನೀರು.

ಮನೆಯವಳ ಹಾಗೆ

ಮನೆಗೆಲಸದವರಿಂದ ಆರಂಭಿಸುತ್ತೇನೆ. “ಅವಳು ನಮ್ಮ ಮನೆಯವಳ ಹಾಗೆ ಫಾದರ್” ಎಂಬ ಮಾತನ್ನು ಮನೆ ಭೇಟಿಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಹಾಗಾದರೆ ಆಕೆಗೆ ಬೇರೆ ಲೋಟವೇಕೆ? ಸೋಫಾ ಖಾಲಿಯಿದ್ದರೂ ಆಕೆ ನೆಲದ ಮೇಲೆ ಕುಳಿತಿರುವುದೇಕೆ? ಮನೆಯವಳು ನಾಲ್ಕು ದಿನ ಜ್ವರ ಬಂದು ಮಲಗಿದರೆ ನಾವು ಸಂಬಳ ಮುರಿಯುತ್ತೇವೆಯೇ? ಮನೆಯವಳೆಂಬ ಪದವಿ ಆಕೆಗೆ ದೊರೆಯುವುದು ಹೆಚ್ಚು ಕೆಲಸ ಹೇಳುವಾಗ ಮಾತ್ರ. ಸಂಬಳ ಹೆಚ್ಚಿಸಿ ಎಂದು ಕೇಳಿದ ದಿನ ಆಕೆ ಮತ್ತೆ ಹೊರಗಿನವಳು. ಆ ಬೇರೆ ಲೋಟದ ಹಿಂದೆ ಜಾತಿಯಿದೆ ಎಂಬುದನ್ನೂ ಮರೆಮಾಚಬೇಕಾಗಿಲ್ಲ. ದೀಕ್ಷಾಸ್ನಾನದ ನೀರಿಗೆ ಕರಗದ ಜಾತಿಯನ್ನು ನಾವು ಅಡುಗೆಮನೆಯ ಗೂಡಿನಲ್ಲಿ ಜೋಪಾನವಾಗಿ ಬೋರಲು ಹಾಕಿಟ್ಟಿದ್ದೇವೆ.

ಕರ್ನಾಟಕ ಸರ್ಕಾರವು 2004ರಲ್ಲಿಯೇ ಮನೆಗೆಲಸವನ್ನು ಕನಿಷ್ಠ ವೇತನ ನಿಗದಿಯಾಗಬೇಕಾದ ಉದ್ಯೋಗಗಳ ಪಟ್ಟಿಗೆ ಸೇರಿಸಿತು. 2006ರ ಅಕ್ಟೋಬರ್‌ನಿಂದ 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿತು. 2013ರಲ್ಲಿ ಬಂದ, ಉದ್ಯೋಗಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ ಕಾಯಿದೆಯು ಮನೆಯನ್ನೂ ಉದ್ಯೋಗಸ್ಥಳವೆಂದೇ ಪರಿಗಣಿಸುತ್ತದೆ. ಅಂದರೆ, ನಮ್ಮ ಮನೆ ನಮಗೆ ಮನೆಯಾದರೂ ಆಕೆಗೆ ಅದು ಕೆಲಸದ ಜಾಗವೆಂಬುದನ್ನು ಸಂಸತ್ತು ಗುರುತಿಸಿದೆ, ನಾವು ಗುರುತಿಸಿಲ್ಲ. 2011ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಅಂಗೀಕರಿಸಿದ 189ನೆಯ ಒಡಂಬಡಿಕೆಯು ಮನೆಗೆಲಸದವರಿಗೆ ವಾರದಲ್ಲಿ ಕಡೆಯ ಪಕ್ಷ 24 ಗಂಟೆಗಳ ನಿರಂತರ ವಿಶ್ರಾಂತಿ ಬೇಕೆಂದು ಹೇಳಿತು. ಭಾರತ ಅದನ್ನು ಇನ್ನೂ ಸ್ಥಿರೀಕರಿಸಿಲ್ಲ. ಆದರೆ ನಮಗೆ ಜಿನೀವಾದ ಅಪ್ಪಣೆ ಬೇಕೇ? ಧರ್ಮೋಪದೇಶ ಕಾಂಡದ 5ನೆಯ ಅಧ್ಯಾಯದಲ್ಲಿ ವಿಶ್ರಾಂತಿ ದಿನದ ಕಟ್ಟಳೆಯನ್ನು ತೆರೆದು ನೋಡಿರಿ. ನಿನ್ನ ದಾಸದಾಸಿಯರೂ ನಿನ್ನಂತೆಯೇ ದಣಿವಾರಿಸಿಕೊಳ್ಳಲಿ ಎಂಬುದೇ ಅಲ್ಲಿ ದೇವರು ಕೊಡುವ ಕಾರಣ. ಭಾನುವಾರ ನಾವು ಪೂಜೆಗೆ ಹೋಗುತ್ತೇವೆ. ನಾವು ಮರಳುವ ಹೊತ್ತಿಗೆ ಬಿರಿಯಾನಿ ಸಿದ್ಧವಾಗಿರಲೆಂದು ಆಕೆಯನ್ನು ಬೆಳಿಗ್ಗೆ ಆರಕ್ಕೇ ಬರಹೇಳುತ್ತೇವೆ. ನಮ್ಮ ಮೂರನೆಯ ಕಟ್ಟಳೆಯ ಪಾಲನೆಗಾಗಿ ಆಕೆಯ ಮೂರನೆಯ ಕಟ್ಟಳೆ ಮುರಿಯುತ್ತದೆ.

ಪರಮಪ್ರಸಾದಕ್ಕೆ ಮುನ್ನ ನಾವೆಲ್ಲರೂ ಪ್ರಭುವಿಗೆ, ನೀವು ಬರಲು ನಾನು ಅಯೋಗ್ಯ ಎಂದು ಬೇಡಿಕೊಳ್ಳುತ್ತೇವೆ. ಆ ಬೇಡಿಕೆ ಮೂಲತಃ ಯಾರದು? ಕಫೆರ್ನವುಮಿನ ಶತಾಧಿಪತಿಯದು. ಆತ ಯಾರಿಗಾಗಿ ಬೇಡಿಕೊಂಡ? ತನ್ನ ಹೆಂಡತಿ ಮಕ್ಕಳಿಗಾಗಿ ಅಲ್ಲ, ತನಗಾಗಿಯೂ ಅಲ್ಲ. ಮನೆಯಲ್ಲಿ ನೋವಿನಿಂದ ಮಲಗಿದ್ದ ಆಳಿಗಾಗಿ. ನೂರು ಸೈನಿಕರ ಮೇಲಿನ ಅಧಿಕಾರಿ ಒಬ್ಬ ಸೇವಕನ ಸಲುವಾಗಿ, ತನ್ನ ಆಳ್ವಿಕೆಗೆ ಒಳಪಟ್ಟ ಜನಾಂಗದ ಒಬ್ಬ ಬಡಗಿಯ ಮುಂದೆ ತಲೆಬಾಗಿ ನಿಂತ. ಪ್ರತಿ ಪೂಜೆಯಲ್ಲಿಯೂ ಅವನ ಮಾತನ್ನು ಎರವಲು ಪಡೆಯುವ ನಾವು ಅವನ ಆಳನ್ನು ಮಾತ್ರ ಮರೆತುಬಿಟ್ಟಿದ್ದೇವೆ.

ತಲೆ ಯಾರು, ಹೊರೆ ಯಾರಿಗೆ?

ಇನ್ನು ಗಂಡ ಹೆಂಡಿರ ವಿಷಯ. ಸಂತ ಪೌಲರು ಎಫೆಸಿಯರಿಗೆ ಬರೆದ ಪತ್ರದ 5ನೆಯ ಅಧ್ಯಾಯವನ್ನು ಮದುವೆಗಳಲ್ಲಿ ಓದುತ್ತೇವೆ. ಹೆಂಡತಿ ಗಂಡನಿಗೆ ಅಧೀನಳಾಗಿರಬೇಕೆಂಬ 22ನೆಯ ವಚನ ನಮ್ಮ ಗಂಡಸರಿಗೆಲ್ಲ ಬಾಯಿಪಾಠ. ಅದಕ್ಕೆ ಹಿಂದಿನ 21ನೆಯ ವಚನ ಯಾರಿಗೆ ನೆನಪಿದೆ? ಕ್ರಿಸ್ತನ ಮೇಲಣ ಗೌರವದಿಂದ ಎಲ್ಲರೂ ಪರಸ್ಪರ ಅಧೀನರಾಗಿರಬೇಕೆಂದು ಅದು ಹೇಳುತ್ತದೆ. ಅಲ್ಲಿಂದ ಮುಂದಕ್ಕೆ ಹೆಂಡತಿಯರಿಗೆ ಹೇಳಿದ್ದಕ್ಕಿಂತ ಹೆಚ್ಚು ಮಾತುಗಳನ್ನು ಪೌಲರು ಗಂಡಂದಿರಿಗೆ ಹೇಳುತ್ತಾರೆ. ಕ್ರಿಸ್ತ ಧರ್ಮಸಭೆಗಾಗಿ ಪ್ರಾಣ ಕೊಟ್ಟಂತೆ ಹೆಂಡತಿಯನ್ನು ಪ್ರೀತಿಸಿ ಎನ್ನುತ್ತಾರೆ. ಶಿರಸ್ಸಾಗುವ ಬೆಲೆ ಮುಳ್ಳಿನ ಕಿರೀಟ. ಆ ಬೆಲೆ ತೆರಲೊಲ್ಲದವರು ಆ ವಚನವನ್ನು ಉದ್ಧರಿಸದಿರುವುದು ಒಳಿತು.

ಹೊಡೆಯುವುದೊಂದೇ ಹಿಂಸೆಯೆಂದು ತಿಳಿದಿರುವವರು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯನ್ನು ಒಮ್ಮೆ ಓದಬೇಕು. ಮಾತಿನಿಂದ ಹೀಯಾಳಿಸುವುದು, ಮನಸ್ಸನ್ನು ನೋಯಿಸುವುದು, ಹಣಕಾಸನ್ನು ತಡೆಹಿಡಿಯುವುದು, ಇವೆಲ್ಲವೂ ಅದರ ಪ್ರಕಾರ ಹಿಂಸೆಯೇ. ಹೆಂಡತಿಯ ಸಂಬಳದ ಎ.ಟಿ.ಎಂ. ಕಾರ್ಡು ಗಂಡನ ಜೇಬಿನಲ್ಲಿರುವ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟಿಲ್ಲ? ಆಕೆ ತವರಿಗೆ ಹೋಗಲು ಬಸ್ಸಿನ ಖರ್ಚನ್ನು ಕೇಳಿ ಪಡೆಯಬೇಕು.

ಇಲ್ಲಿ ನಾವು ಗುರುಗಳೂ ನಿರಪರಾಧಿಗಳಲ್ಲ. ಊದಿದ ಮುಖದೊಡನೆ ಬಂದು ಅತ್ತ ಹೆಣ್ಣುಮಗಳಿಗೆ “ಹೊಂದಿಕೊಂಡು ಹೋಗಮ್ಮಾ, ನಿನ್ನ ಶಿಲುಬೆಯನ್ನು ಹೊತ್ತುಕೋ” ಎಂದು ಹೇಳಿ ಕಳಿಸಿದ ಪಾಪ ನಮ್ಮಲ್ಲಿ ಹಲವರ ತಲೆಯ ಮೇಲಿದೆ. ನನ್ನ ತಲೆಯ ಮೇಲೂ ಇದೆ. ಯೇಸುಸ್ವಾಮಿ ತಮ್ಮ ಪ್ರಾಣವನ್ನು ಯಾರೂ ಕಸಿದುಕೊಳ್ಳುವುದಿಲ್ಲ, ತಾವಾಗಿಯೇ ಅರ್ಪಿಸುವುದಾಗಿ ಹೇಳಿದರು. ತಾನಾಗಿ ಪ್ರೀತಿಯಿಂದ ಹೊತ್ತದ್ದು ಶಿಲುಬೆ. ಇನ್ನೊಬ್ಬರ ಹೆಗಲಿಗೆ ನಾವು ಏರಿಸಿದ್ದು ಬರಿಯ ಹೊರೆ. ಭಾರವಾದ ಹೊರೆಗಳನ್ನು ಕಟ್ಟಿ ಜನರ ಮೇಲೆ ಹೊರಿಸಿ ತಾವು ಬೆರಳನ್ನೂ ಸೋಕಿಸದವರನ್ನು ಕುರಿತು ಪ್ರಭು ಏನೆಂದರು ಎಂಬುದು ಸಂತ ಮತ್ತಾಯರ 23ನೆಯ ಅಧ್ಯಾಯದಲ್ಲಿದೆ.

ಮಕ್ಕಳ ಮಾತಿಗೆ ಬಂದರೆ, 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಂ ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೂ “ಎರಡು ಬಿಗಿಯಿರಿ ಫಾದರ್, ನಾವೇನೂ ಅನ್ನುವುದಿಲ್ಲ” ಎಂದು ಬಂದು ಹೇಳುವ ತಂದೆತಾಯಿಯರಿದ್ದಾರೆ. ತಂದೆಯಾದವರು ಮಕ್ಕಳನ್ನು ಕೆಣಕಿ ಎದೆಗುಂದಿಸಬಾರದೆಂದು ಸಂತ ಪೌಲರು ಎಫೆಸಿಯರಿಗೂ ಕೊಲೊಸ್ಸೆಯರಿಗೂ ಬರೆದರು. ಆಗಿನ ಕಾಲದ ತಂದೆಗೆ ಮಕ್ಕಳ ಮೇಲೆ ಎಷ್ಟು ಹಕ್ಕಿತ್ತೆಂಬುದನ್ನು ಬಲ್ಲವರಿಗೆ ಆ ಮಾತಿನ ದಿಟ್ಟತನ ತಿಳಿಯುತ್ತದೆ.

ಅಧಿಕಾರ ಒಂದೇ ಕೈಯಲ್ಲಿ ನಿಲ್ಲುವುದೂ ಇಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನಿನ್ನೆ ಕೋಲು ಹಿಡಿದಿದ್ದ ಅಪ್ಪ ಇಂದು ಕೋಲೂರಿ ನಡೆಯುತ್ತಾನೆ. ಅವನ ಪಿಂಚಣಿ ಪುಸ್ತಕ ಮಗನ ಕಪಾಟಿನಲ್ಲಿ. ಊಟಕ್ಕೆ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಬರೆದುಕೊಟ್ಟ ಆಸ್ತಿಯನ್ನು ಪಡೆದು ಸಾಕದಿರುವ ಮಕ್ಕಳಿದ್ದಾರೆಂದೇ, ಆರೈಕೆಯ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಹಿಂಪಡೆಯುವ ದಾರಿಯನ್ನು 2007ರ ಹಿರಿಯ ನಾಗರಿಕರ ಕಾಯಿದೆಯಲ್ಲಿ ಇರಿಸಬೇಕಾಯಿತು. ಹಿಂದೆ ತಾನು ಅನುಭವಿಸಿದ್ದಕ್ಕೆ ಈಗ ತೀರಿಸಿಕೊಳ್ಳುತ್ತಿದ್ದೇನೆ ಎಂದುಕೊಳ್ಳುವ ಮಗ ಅಧಿಕಾರವನ್ನು ಬದಲಿಸಲಿಲ್ಲ, ಅದರ ಕುರ್ಚಿಯಲ್ಲಿ ತಾನು ಕುಳಿತ, ಅಷ್ಟೇ.

ನಮ್ಮ ಕಡೆಗೂ ಬೆರಳು

ಕುಟುಂಬಗಳಿಗೆ ಇಷ್ಟು ಹೇಳಿ ಗುರುಗಳ ವಿಷಯದಲ್ಲಿ ಸುಮ್ಮನಿದ್ದರೆ ನಾನೂ ಕೈ ತೊಳೆದಂತೆಯೇ. 2018ರ ಆಗಸ್ಟ್ 20ರಂದು ಜಗದ್ಗುರು ಪೋಪ್ ಫ್ರಾನ್ಸಿಸರು ಸಮಸ್ತ ದೇವಜನರಿಗೆ ಬರೆದ ಪತ್ರದಲ್ಲಿ, ಧರ್ಮಸಭೆಯೊಳಗಿನ ದೌರ್ಜನ್ಯಗಳ ಬೇರಿನಲ್ಲಿರುವುದು ಗುರುವರ್ಗದ ಅಧಿಕಾರಮನೋಭಾವ ಎಂಬುದನ್ನು ತೋರಿಸಿದರು. ಅದನ್ನು ಬೆಳೆಸುವವರು ಗುರುಗಳು ಮಾತ್ರವಲ್ಲ, ಶ್ರೀಸಾಮಾನ್ಯ ವಿಶ್ವಾಸಿಗಳೂ ಹೌದು ಎಂದರು. ಗುರು ತಪ್ಪು ಮಾಡಿದರೂ ಮಾತಾಡಬಾರದು, ಮಾತಾಡಿದರೆ ಶಾಪ ತಟ್ಟುತ್ತದೆ ಎಂದು ಮಕ್ಕಳಿಗೆ ಕಲಿಸುವ ತಾಯಂದಿರೇ, ನೀವು ನಮ್ಮನ್ನು ಗೌರವಿಸುತ್ತಿಲ್ಲ, ಕೆಡಿಸುತ್ತಿದ್ದೀರಿ. ಮಗು ಬಂದು ‘ಹೀಗಾಯಿತು’ ಎಂದಾಗ ಅದರ ಬಾಯಿ ಮುಚ್ಚಿಸಿದ ಕೈ ಎಷ್ಟೇ ಭಕ್ತಿಯದಾಗಿದ್ದರೂ ಅದು ಪಿಲಾತನ ಕೈ.

ನಿಮಗೆ ಧರ್ಮಸಭೆಯೇ ಹಕ್ಕುಗಳನ್ನು ಕೊಟ್ಟಿದೆ. 1983ರ ಕಾನೂನು ಸಂಹಿತೆಯ 212ನೆಯ ನಿಯಮದ ಪ್ರಕಾರ, ಧರ್ಮಸಭೆಯ ಒಳಿತನ್ನು ಕುರಿತ ತಮ್ಮ ಅಭಿಪ್ರಾಯವನ್ನು ಪಾಲಕರಿಗೆ ತಿಳಿಸುವುದು ವಿಶ್ವಾಸಿಗಳ ಹಕ್ಕು. ಕೆಲವೊಮ್ಮೆ ಕರ್ತವ್ಯವೂ ಹೌದು. 537ನೆಯ ನಿಯಮ ಪ್ರತಿ ಧರ್ಮಕೇಂದ್ರದಲ್ಲಿಯೂ ಆರ್ಥಿಕ ಸಮಿತಿ ಇರಲೇಬೇಕೆನ್ನುತ್ತದೆ. 1287ನೆಯ ನಿಯಮ ವಿಶ್ವಾಸಿಗಳು ಕೊಟ್ಟ ಕಾಣಿಕೆಯ ಲೆಕ್ಕವನ್ನು ವಿಶ್ವಾಸಿಗಳಿಗೆ ಒಪ್ಪಿಸಬೇಕೆನ್ನುತ್ತದೆ. 2021ರ ಡಿಸೆಂಬರ್ 8ರಿಂದ ಜಾರಿಗೆ ಬಂದ ಪರಿಷ್ಕೃತ ದಂಡನಾ ನಿಯಮಗಳಲ್ಲಿ, 1378ನೆಯ ನಿಯಮವು ಅಧಿಕಾರದ ದುರುಪಯೋಗವನ್ನು ಶಿಕ್ಷಾರ್ಹ ಅಪರಾಧವೆಂದು ಹೇಳುವುದಲ್ಲದೆ, ಆದ ಹಾನಿಯನ್ನು ತುಂಬಿಕೊಡುವ ಹೊಣೆಯನ್ನೂ ವಿಧಿಸುತ್ತದೆ. ಲೆಕ್ಕ ಕೇಳುವವನು ಧರ್ಮಸಭೆಯ ಶತ್ರು ಎಂದು ಯಾರಾದರೂ ಹೇಳಿದರೆ, ಈ ನಿಯಮಗಳ ಸಂಖ್ಯೆಯನ್ನು ವಿನಯದಿಂದ ಹೇಳಿರಿ.

ಕೆಲವು ಆಕ್ಷೇಪಗಳು

“ಹೀಗೆಲ್ಲ ಬರೆದರೆ ಹಿರಿಯರಿಗೆ ಬೆಲೆ ಉಳಿಯುವುದಿಲ್ಲ, ಕುಟುಂಬ ಒಡೆಯುತ್ತದೆ” ಎನ್ನುವವರಿದ್ದಾರೆ. ನಾನು ಅಧಿಕಾರವೇ ಬೇಡವೆನ್ನುತ್ತಿಲ್ಲ. ಮಗುವಿನ ಕೈಯಿಂದ ಚಾಕುವನ್ನು ಕಸಿದುಕೊಳ್ಳಲು ತಾಯಿಗೆ ಅಧಿಕಾರ ಬೇಕೇ ಬೇಕು. ಫಿಲೆಮೋನನಿಗೆ ಬರೆದ ಪುಟ್ಟ ಪತ್ರದಲ್ಲಿ ಸಂತ ಪೌಲರು, ಆಜ್ಞಾಪಿಸುವ ಹಕ್ಕು ತಮಗಿದ್ದರೂ ಪ್ರೀತಿಯ ನಿಮಿತ್ತ ಬೇಡಿಕೊಳ್ಳುವುದಾಗಿ ಹೇಳುತ್ತಾರೆ; ಓಡಿಹೋಗಿದ್ದ ದಾಸ ಒನೇಸಿಮನನ್ನು ಸಹೋದರನಂತೆ ಸ್ವೀಕರಿಸೆನ್ನುತ್ತಾರೆ. ಅವನಿಂದ ಆದ ನಷ್ಟವಿದ್ದರೆ ತಮ್ಮ ಲೆಕ್ಕಕ್ಕೆ ಬರೆದುಕೋ ಎಂದು ಸೇರಿಸುತ್ತಾರೆ. ತನ್ನ ಅಧಿಕಾರವನ್ನು ಬಲ್ಲವನು, ಅದನ್ನು ದುರ್ಬಲನ ಪರವಾಗಿ ಬಳಸಿದವನು, ಖರ್ಚನ್ನು ತಾನೇ ಹೊತ್ತವನು. ಇಂಥ ಹಿರಿಯನಿಗೆ ಬೆಲೆ ಕಡಿಮೆಯಾಯಿತೇ?

“ನಾನೂ ಕಚೇರಿಯಲ್ಲಿ ಸಾಹೇಬರಿಂದ ಬೈಸಿಕೊಳ್ಳುವವನೇ ಫಾದರ್, ನನಗೆಲ್ಲಿಯ ಅಧಿಕಾರ?” ಎನ್ನುವವರಿದ್ದಾರೆ. ಶತಾಧಿಪತಿ ಇದನ್ನು ನಮಗಿಂತ ಚೆನ್ನಾಗಿ ಅರಿತಿದ್ದ. ತಾನು ಇನ್ನೊಬ್ಬರ ಅಧಿಕಾರಕ್ಕೆ ಒಳಪಟ್ಟವನು, ತನ್ನ ಕೈಕೆಳಗೂ ಜನರಿದ್ದಾರೆ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಮೇಲಿನವರಿಂದ ತಿಂದ ಪೆಟ್ಟು ಕೆಳಗಿನವರಿಗೆ ಕೊಟ್ಟ ಪೆಟ್ಟಿಗೆ ರಸೀದಿಯಾಗದು.

“ಅವರು ಯಾವತ್ತೂ ಬೇಡ ಎಂದಿಲ್ಲವಲ್ಲ?” ಇದು ಕೊನೆಯದು, ಅತ್ಯಂತ ಅಪಾಯಕಾರಿಯಾದದ್ದು. ಮೌನವೇ ಸಮ್ಮತಿ ಎಂಬ ಗಾದೆ ಸಮಾನರ ನಡುವೆ ಸತ್ಯವಿರಬಹುದು. ಅಸಮಾನರ ನಡುವೆ ಮೌನ ಭಯದ ಲಕ್ಷಣ. ಬಡವನ ಕೋಪ ದವಡೆಗೆ ಮೂಲ ಎಂಬ ಇನ್ನೊಂದು ಗಾದೆಯನ್ನು ನಮ್ಮ ಜನ ಕಟ್ಟಿದ್ದು ಈ ಭಯವನ್ನು ಅನುಭವಿಸಿಯೇ. ದಾವೀದ ಅರಸನು ಬತ್ಷೆಬೆಯನ್ನು ಕರೆಸಿಕೊಂಡಾಗ ಆಕೆ ಬೇಡವೆಂದಳೆಂದು ಸಮುವೇಲನ ಎರಡನೆಯ ಗ್ರಂಥ ಹೇಳುವುದಿಲ್ಲ. ಅರಸನ ಆಳುಗಳು ಬಂದು ಕರೆದರೆ ಯಾರು ತಾನೇ ಬೇಡವೆನ್ನಬಲ್ಲರು? ಪ್ರವಾದಿ ನಾತಾನನು ಬಂದು ಖಂಡಿಸಿದ್ದು ದಾವೀದನನ್ನು. ಬಡವನ ಒಂದೇ ಒಂದು ಕುರಿಮರಿಯ ಕಥೆಯನ್ನು ಕೇಳಿ ಕೆರಳಿದ ಅರಸನಿಗೆ, ಆ ಮನುಷ್ಯ ನೀನೇ ಎಂದು ತಿಳಿಯಲು ಇನ್ನೊಬ್ಬರು ಬೇಕಾಯಿತು. ನಮಗೂ ಬೇಕಾಗುತ್ತಾರೆ. ಅಂಥವರು ಮಾತಾಡಲು ನಾವು ಅವಕಾಶ ಕೊಡುತ್ತೇವೆಯೇ ಎಂಬುದೇ ಪ್ರಶ್ನೆ.

ಪಾಪನಿವೇದನೆಗೆ ಮುನ್ನ

ಪಾಪನಿವೇದನೆಗೆ ಬರುವವರು ಕೋಪ ಮಾಡಿಕೊಂಡೆ, ಸುಳ್ಳು ಹೇಳಿದೆ, ಪೂಜೆ ತಪ್ಪಿಸಿದೆ ಎನ್ನುತ್ತಾರೆ. ‘ನನಗಿರುವ ಅಧಿಕಾರವನ್ನು ಕಾಣದಂತೆ ನಟಿಸಿದೆ’ ಎಂದು ನಿವೇದಿಸುವವರು ವಿರಳ; ನಾನೂ ಬಹಳ ಕಾಲ ನಿವೇದಿಸಿರಲಿಲ್ಲ. ಮುಂದಿನ ಸಲ ಆತ್ಮಶೋಧನೆ ಮಾಡಿಕೊಳ್ಳುವಾಗ ಈ ಪ್ರಶ್ನೆಗಳನ್ನೂ ಕೇಳಿಕೊಳ್ಳೋಣ. ನನಗೆ ‘ಆಗುವುದಿಲ್ಲ’ ಎನ್ನಲು ಹೆದರುವವರು ಯಾರು ಯಾರು? ಕಳೆದ ಒಂದು ವರ್ಷದಲ್ಲಿ ಅವರಲ್ಲಿ ಯಾರಾದರೂ ನನ್ನ ತಪ್ಪನ್ನು ನನ್ನೆದುರಿಗೆ ಹೇಳಿದ್ದಾರೆಯೇ? ಹೇಳಿದ್ದರೆ ಆಮೇಲೆ ಅವರ ಗತಿ ಏನಾಯಿತು? ನಾನು ‘ದಯೆ’ಯೆಂದು ಕೊಡುತ್ತಿರುವುದರಲ್ಲಿ ಅವರಿಗೆ ನ್ಯಾಯವಾಗಿ ಸಲ್ಲಬೇಕಾದದ್ದು ಎಷ್ಟು? ಆದ ಹಾನಿಗೆ ಕ್ಷಮೆ ಕೇಳಿದ್ದೇನೆಯೇ, ಇಲ್ಲವೇ ದೇವರ ಬಳಿ ಮಾತ್ರ ಕೇಳಿ ಅಗ್ಗದಲ್ಲಿ ಮುಗಿಸಿದ್ದೇನೆಯೇ?

ನಾನು ಆ ಅಡುಗೆಯವರ ಕ್ಷಮೆ ಕೇಳಲು ಎರಡು ವರ್ಷ ಬೇಕಾಯಿತು. ಬೇರೆ ಧರ್ಮಕೇಂದ್ರಕ್ಕೆ ವರ್ಗವಾದ ಮೇಲೆ, ನನ್ನ ಕೈಯಲ್ಲಿ ಅವರ ಸಂಬಳ ಇಲ್ಲದಿದ್ದಾಗ, ಅವರ ಊರಿಗೆ ಹೋಗಿ, ತಾಯಿಯ ಸಮಾಧಿಯ ಬಳಿ ಪ್ರಾರ್ಥಿಸಿ, ‘ನೀವು’ ಎಂದು ಕರೆದು ಕ್ಷಮೆ ಕೇಳಿದೆ. ಅವರು ಕ್ಷಮಿಸಿದರೆಂದು ಬರೆದರೆ ಈ ಲೇಖನ ಸುಖಾಂತವಾಗುತ್ತಿತ್ತು. ಅವರು ಬಹಳ ಹೊತ್ತು ಸುಮ್ಮನಿದ್ದು, “ಕಾಫಿ ಕುಡೀತೀರಾ ಸ್ವಾಮಿ?” ಎಂದರು. ಆ ಮೌನವನ್ನು ಸಮ್ಮತಿಯೆಂದು ತಿಳಿಯುವ ಹಕ್ಕು ನನಗಿಲ್ಲ.

2016ರ ಜನವರಿಯಲ್ಲಿ ಹೊರಬಿದ್ದ ಆದೇಶದ ಮೂಲಕ ಪವಿತ್ರ ಗುರುವಾರದ ಪಾದ ತೊಳೆಯುವ ವಿಧಿಗೆ ಸ್ತ್ರೀಯರನ್ನೂ ಸೇರಿಸಿಕೊಳ್ಳಲು ಪೋಪ್ ಫ್ರಾನ್ಸಿಸರು ದಾರಿ ಮಾಡಿಕೊಟ್ಟರು. 2013ರ ಪವಿತ್ರ ಗುರುವಾರದಂದು ತಾವೇ ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಅಲ್ಲಿಯ ಯುವಕ ಯುವತಿಯರ ಪಾದಗಳನ್ನು ತೊಳೆದಿದ್ದರು. ಆದುದರಿಂದ ಮುಂದಿನ ವರ್ಷದ ಪಟ್ಟಿ ಸಿದ್ಧವಾಗುವಾಗ ಸಮಿತಿಯ ಹಿರಿಯರು ನನ್ನನ್ನು ಮನ್ನಿಸಬೇಕು. ನಿಮ್ಮ ಮನೆಯಲ್ಲಿ ಪಾತ್ರೆ ಬೆಳಗುವವರನ್ನು, ನಮ್ಮ ಶಾಲೆಯ ಶೌಚಾಲಯ ತೊಳೆಯುವವರನ್ನು, ಸ್ಮಶಾನದಲ್ಲಿ ಗುಂಡಿ ತೋಡುವವರನ್ನು ಕರೆತನ್ನಿರಿ. ಅವರು ಒಪ್ಪಿದರೆ ಮಾತ್ರ. ಬೇಡವೆಂದರೆ ಒತ್ತಾಯಿಸಬೇಡಿರಿ, ಅವರ ಆ ‘ಬೇಡ’ವನ್ನು ನಾವು ಗೌರವಿಸಿದರೆ ಅಲ್ಲಿಗೇ ಅರ್ಧ ಪೂಜೆ ಸಂದಂತಾಯಿತು. ತಂಬಿಗೆಯನ್ನು ನಾನೇ ಹಿಡಿದುಕೊಳ್ಳುತ್ತೇನೆ.